ಒಂದೇ ಕಬ್ಬು, ಎರಡು ಬಗೆಯ ಮದ್ಯ

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ರಜೆ ಕಳೆಯಲು ಅಲ್ಲಿಗೆ ಹೋಗುವವರಿಗೆ ಅಲ್ಲಿನ ಕಬ್ಬಿನ ರಮ್ ಒಂದು ಆಕರ್ಷಣೆ. ಆ ರಮ್‌ಗೆ 1996ರಲ್ಲಿ ಫ್ರಾನ್ಸಿನ ಮೂಲಸ್ಥಾನ ಮಾನ್ಯತೆ ದೊರೆಯಿತು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನೆಲವೂ ಲಾವಾದಿಂದ ಆದದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಕರಿಕಲ್ಲಾಯಿತು. ಅದು ಸವೆದು ಎರೆಮಣ್ಣಾಯಿತು. ಕೃಷ್ಣೆಯ ನೀರು ಸಿಕ್ಕಮೇಲೆ ಇಲ್ಲಿಯೂ ಕಬ್ಬೇ ದೊಡ್ಡ ಬೆಳೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಸಕ್ಕರೆಯ ಜೊತೆಗೆ ಮದ್ಯಸಾರವನ್ನೂ ತಯಾರಿಸುತ್ತದೆ. ಆದರೂ ಇಲ್ಲಿಯ ಮದ್ಯಕ್ಕೆ ಊರಿನ ಹೆಸರು ಅಂಟಿಕೊಂಡಿಲ್ಲ. ಏಕೆ?

ಮಾರ್ಟಿನಿಕ್‌ನಲ್ಲಿ ಕಬ್ಬಿನ ಹಾಲನ್ನೇ ನೇರವಾಗಿ ಹುದುಗಿಸುತ್ತಾರೆ. ನಮ್ಮಲ್ಲಿ ಮೊದಲು ಹಾಲನ್ನು ಕಾಯಿಸಿ ಸಕ್ಕರೆಯ ಹರಳು ತೆಗೆಯುತ್ತಾರೆ. ಇನ್ನು ಹರಳುಗಟ್ಟದೆ ಉಳಿಯುವ ಕಪ್ಪು, ಮಂದ ಪಾಕವೇ ಕಾಕಂಬಿ. ಇದಕ್ಕೆ ನೀರು ಬೆರೆಸಿ ಯೀಸ್ಟ್ ಹಾಕುತ್ತಾರೆ. ಇಡ್ಲಿ ಹಿಟ್ಟು ಹುಳಿ ಬಂದು ಉಬ್ಬುವಂತೆ ಇದೂ ನೊರೆಯಾಡುತ್ತದೆ. ಯೀಸ್ಟ್ ಸಕ್ಕರೆಯ ಅಂಶವನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಮುಂದಿನದು ಬಟ್ಟಿ ಇಳಿಸುವ ಕೆಲಸ. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹಾಗಾಗಿ ಎತ್ತರದ ಸ್ತಂಭಗಳಲ್ಲಿ ಕಾಯಿಸಿದರೆ ಮದ್ಯಸಾರದ ಆವಿ ಮೇಲೇರಿ ಬೇರೆಯಾಗುತ್ತದೆ. ಮಾರ್ಟಿನಿಕ್‌ನಲ್ಲಿ ಇದನ್ನು ಮದ್ಯಸಾರ ಶೇ. 70ರ ಆಸುಪಾಸಿಗೆ ಬಂದಾಗಲೇ ನಿಲ್ಲಿಸುತ್ತಾರೆ, ಕಬ್ಬಿನ ವಾಸನೆ ಉಳಿಯುತ್ತದೆ. ನಮ್ಮಲ್ಲಿ ಶೇ. 95 ದಾಟಿಸುತ್ತಾರೆ. ಅಷ್ಟು ಶುದ್ಧವಾದ ಮೇಲೆ ಅದರಲ್ಲಿ ಕಬ್ಬಿನ ಗುರುತಾಗಲಿ ಮಣ್ಣಿನ ಗುರುತಾಗಲಿ ಉಳಿಯುವುದಿಲ್ಲ. ಬಣ್ಣ, ಪರಿಮಳ ಬೆರೆಸಿದರೆ ಅದೇ ಸ್ಪಿರಿಟ್ ರಮ್ ಆಗಬಹುದು, ಬ್ರಾಂದಿಯೂ ಆಗಬಹುದು. ಯುರೋಪಿನ ಕಾನೂನಿನಂತೆ ವಿಸ್ಕಿ ಧಾನ್ಯದಿಂದಲೇ ಆಗಬೇಕು. ಕಾಕಂಬಿ ಸ್ಪಿರಿಟ್ ಬೆರೆತ ನಮ್ಮ ವಿಸ್ಕಿಗಳನ್ನು ಅಲ್ಲಿ ಆ ಹೆಸರಿನಲ್ಲಿ ಮಾರುವಂತಿಲ್ಲ.

ಅಥಣಿಯಲ್ಲಿ ದ್ರಾಕ್ಷಿಯೂ ಇದೆ, ಆದರೆ ಅದರ ದಾರಿ ಮದ್ಯದತ್ತ ಅಲ್ಲ, ಒಣದ್ರಾಕ್ಷಿಯತ್ತ. ಇಲ್ಲಿ ಹೆಚ್ಚಾಗಿರುವುದು ಬೀಜವಿಲ್ಲದ ಸಿಹಿ ತಳಿಗಳು. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ವೈನಿಗೆ ಬೇರೆ ತಳಿ, ತಂಪು ಕೋಣೆ, ಪರವಾನಗಿ ಬೇಕು. ಒಣದ್ರಾಕ್ಷಿಗೆ ಬಿಸಿಲ ನಾಡಿನ ಒಣ ಗಾಳಿ ಸಾಕು.

ಕಬ್ಬಿಗೆ ಮರಳಿದರೆ, ಇಂದು ಅದರ ಸ್ಪಿರಿಟ್ಟಿನ ದೊಡ್ಡ ಗಿರಾಕಿ ಪೆಟ್ರೋಲ್ ಬಂಕ್. ನೀರಿನಂಶ ಪೂರ್ತಿ ತೆಗೆದ ಮದ್ಯಸಾರವೇ ಇಂಧನದ ಎಥೆನಾಲ್, ಪೆಟ್ರೋಲಿಗೆ ಶೇ. 20ರಷ್ಟು ಬೆರೆಸುವುದು ಕೇಂದ್ರದ ನೀತಿ. ಒಂದು ಟನ್ ಕಬ್ಬಿನ ಕೊನೆಯ ಕಾಕಂಬಿಯಿಂದ ಸಿಗುವುದು ಸುಮಾರು 10 ಲೀಟರ್. ಸಕ್ಕರೆ ತೆಗೆಯದೆ ಹಾಲನ್ನೇ ಬಳಸಿದರೆ ಸುಮಾರು 70 ಲೀಟರ್.

ಕಬ್ಬಿಗೆ ಕೇಂದ್ರ ಕಟ್ಟುವ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ) ದರ ಮಾತ್ರ ಸಕ್ಕರೆ ಇಳುವರಿಯನ್ನೇ ಆಧರಿಸಿದೆ: 2024-25ರಲ್ಲಿ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ. ಕಾಕಂಬಿಯನ್ನು ಬರೀ ಉಳಿಕೆ ಎಂದು ನೋಡುವ ಕಾಲ ಹೋಯಿತು. ದರದ ಮಾತುಕತೆಗೆ ಕೂರುವ ರೈತರು ಸಕ್ಕರೆಯ ಲೆಕ್ಕದ ಜೊತೆಗೆ ಸ್ಪಿರಿಟ್ಟಿನ ಲೆಕ್ಕವನ್ನೂ ಕೇಳಬೇಕು.