ಹಾಜರಿಗೆ ಸಿಗದ ಗಂಟೆಗಳು

ಎಸಿಸಿ ಸಿಮೆಂಟ್ ಕಾರ್ಖಾನೆಯ ವಾಡಿ, ಸೇಡಂ ತಾಲ್ಲೂಕಿನ ಮಳಖೇಡ: ಸಿಮೆಂಟ್ ಗೂಡುಗಳು ಹಗಲಿರುಳು ಉರಿಯುವ ಊರುಗಳಿವು. ದುಡಿಮೆ ಪಾಳಿಯಲ್ಲಿ ಸಾಗುತ್ತದೆ. ಬದಲಿಯವನು ಬಾರದಿದ್ದರೆ ಮೊದಲಿನವನೇ ನಿಲ್ಲಬೇಕು. ಆ ಹೊತ್ತು ಗುತ್ತಿಗೆದಾರನ ಹಾಜರಿ ಪುಸ್ತಕಕ್ಕೆ ಏರದಿದ್ದರೆ ಕೂಲಿಯೂ ಇಲ್ಲ, ಸಾಕ್ಷಿಯೂ ಇಲ್ಲ.

1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಗೊತ್ತುಮಾಡಿತು. 2023ರ ಕರ್ನಾಟಕದ ತಿದ್ದುಪಡಿ, ಕಾರ್ಮಿಕರ ಲಿಖಿತ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ತೆರೆಯಿತು. ದಿನ ಉದ್ದವಾದಷ್ಟೂ ಲೆಕ್ಕ ಬಿಗಿಯಾಗಬೇಕು.

ಅದಕ್ಕೆ ಬೆರಳ ಗುರುತಿನ ಹಾಜರಿ ಯಂತ್ರವೊಂದೇ ಸಾಲದು. ಸಿಮೆಂಟ್ ಹಿಡಿದು ಸವೆದ ಬೆರಳನ್ನು ಅದು ಗುರುತಿಸದಿರುವುದುಂಟು!

ಬಿಟ್ಟುಹೋದ ಗಂಟೆಯನ್ನು ಅದೇ ವಾರ, ಕಾರ್ಮಿಕ ಮತ್ತು ಮೇಲ್ವಿಚಾರಕ ಇಬ್ಬರ ಸಹಿಯೊಂದಿಗೆ ಸೇರಿಸಬೇಕು. ಹಳೆಯ ನಮೂದನ್ನು ಅಳಿಸಕೂಡದು. ಕೂಲಿ ಚೀಟಿಯಲ್ಲಿ ಹೆಚ್ಚುವರಿ ಗಂಟೆಗಳನ್ನು ಕನ್ನಡದಲ್ಲೇ ಬೇರೆಯಾಗಿ ತೋರಿಸಬೇಕು. ಗುತ್ತಿಗೆದಾರ ತಪ್ಪಿದರೆ ಬಾಕಿ ತೀರಿಸುವ ಹೊಣೆ ಕಾರ್ಖಾನೆಯದೇ.