ಪದಕ ಯಾರಿಗೆ, ಪರಿಹಾರ ಯಾರಿಗೆ?

ಕಾರ್ಕಳದಿಂದ ಮಂಗಳೂರಿಗೆ ಹೋಗುವ ಬಸ್ಸು ಬಿಕರ್ನಕಟ್ಟೆ ದಾಟುತ್ತದೆ. 1837ರಲ್ಲಿ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ರೈತ ದಂಗೆಯನ್ನು ಮುನ್ನಡೆಸಿದವನನ್ನು ಕಂಪನಿ ಸರಕಾರ ಗಲ್ಲಿಗೇರಿಸಿದ್ದು ಅಲ್ಲೇ.

ಜಗಳ ಶುರುವಾದದ್ದು ಲೆಕ್ಕದಿಂದ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ನಮ್ಮ ಉಡುಪಿಯೂ ಆಗ ಅದೇ ಜಿಲ್ಲೆ. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ನಗದು ಕೊಡಬೇಕಾಯಿತು. ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾದೀತು: ಕಂತು ಕಟ್ಟಲು ಎಲ್ಲರೂ ಒಟ್ಟಿಗೆ ಭತ್ತ ಮಾರಲು ಹೊರಟರೆ ಬೆಲೆ ಬೀಳುತ್ತದೆ, ಕಂದಾಯ ಮಾತ್ರ ಇಳಿಯುವುದಿಲ್ಲ. ನಷ್ಟವೆಲ್ಲ ರೈತನ ತಲೆಗೆ.

ಏಪ್ರಿಲ್‌ನಲ್ಲಿ ದಂಗೆಕೋರರು ಮಂಗಳೂರು ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. 13 ದಿನ ಆಳಿದರು. ಸೈನ್ಯ ಬಂತು, ಮುಗಿಯಿತು. ಆಮೇಲಿನ ಹಂಚಿಕೆ ನೋಡಿ: ಕಂಪನಿಯ ಪರ ನಿಂತ ಕೊಡಗಿನವರಿಗೆ ಚಿನ್ನ, ಬೆಳ್ಳಿಯ ಪದಕ. ಎದುರು ನಿಂತ ನಾಯಕರಿಗೆ ನೇಣು. ಅವರ ಹೋರಾಟಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿ, ಎಂಬ ಹೆಸರು. ಲೂಟಿ ಎಂದು ಬರೆದ ಮೇಲೆ ಪರಿಹಾರದ ಮಾತೆಲ್ಲಿ?

ನಮ್ಮ ಮನೆಯ ಉರ್ದುವಿನಲ್ಲಿ ಪರಿಹಾರಕ್ಕೆ ‘ಮುಆವ್ಜಾ’ ಎನ್ನುತ್ತೇವೆ. ಅದು ನಷ್ಟವಾದವನ ಹಕ್ಕು. ಆದರೆ ಅದೇ ದಶಕದಲ್ಲಿ ಬ್ರಿಟನ್ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಕೊಟ್ಟದ್ದು ಮಾಲೀಕರಿಗೆ, ಗುಲಾಮರಿಗಲ್ಲ!

2022ರಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಸಂತೋಷ. ಆದರೆ ರೈತರನ್ನು ಎಬ್ಬಿಸಿದ ಆ ಕಂದಾಯದ ಲೆಕ್ಕವೂ ಪಾಠವಾಗಬೇಕು. ನಮ್ಮ ಕಾಮರ್ಸ್ ವಿಭಾಗದ ಮುಂದಿನ ಪ್ರವಾಸ ಬರೀ ಬ್ಯಾಂಕು, ಬಂದರು ನೋಡಿ ಮುಗಿಯದೆ ಆ ಗುಡ್ಡೆಯನ್ನೂ ಹತ್ತಲಿ ಎಂದು ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ.