ಬೇವನ್ನು ಬೈಯುವ ಮೊದಲು

‘ಕಾಳಿಗೆ ಬೇವಿನೆಲೆ ಹಾಕುವುದು ಮೂಢನಂಬಿಕೆ, ಹುಳು ಕೊಲ್ಲುವ ಗುಳಿಗೆ ಇಡಿ’ ಎಂದು ಕಳೆದ ವಾರ ಲೇಖಕರೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಉಮರ್ಗಾ, ನಿಲಂಗಾ, ಉದಗೀರದ ತೊಗರಿ ಸೀಮೆಯಲ್ಲಿ ಒಂದು ಸುತ್ತು ಹಾಕಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಬೇವು ಹುಳುವನ್ನು ದೂರ ಇಡುತ್ತದೆ, ಅಷ್ಟೆ, ಕೊಲ್ಲುತ್ತದೆಂದು ಹೇಳಿದವರಾರು? ತೊಗರಿಯ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಕಾಳಿಗೆ ಅಂಟಿದ ಬಿಳಿ ಚುಕ್ಕೆ ಕಂಡರೆ ಎಲೆ ತಡವಾಯಿತೆಂದೇ ಲೆಕ್ಕ. ಅದಕ್ಕೇ ನಮ್ಮವರು ಮೊದಲು ಕಡಕ್ ಬಿಸಿಲಿಗೆ ಹರವಿ, ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿಸಿ, ಆಮೇಲೆ ನೆರಳಲ್ಲಿ ಒಣಗಿದ ಬೇವಿನೆಲೆ ಬೆರೆಸುವುದು. ಹಸಿ ಎಲೆ ತುರುಕಿದರೆ ಬೂಷ್ಟು ಖಾತ್ರಿ. ಬಿತ್ತನೆ ಕಾಳಿಗಾದರೆ ಕಿಲೋಗೆ 5 ಮಿಲಿ ಬೇವಿನೆಣ್ಣೆ ಸವರಬಹುದು. ಗುಳಿಗೆ ಬಿಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಮಕ್ಕಳು ಮಲಗುವ ಮನೆಯೊಳಗೆ ಇಂಥ ಗುಳಿಗೆ ಇಡಿ ಎಂಬ ಸಲಹೆಯನ್ನು ಲೇಖಕರು ಹಿಂತೆಗೆದುಕೊಳ್ಳಲಿ.